ಲೂಸಿಲ್ ಬಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಲೂಸಿಲ್ ಬಾಲ್ ಮಾತು ಬಂದಾಗಲೆಲ್ಲ ಸುತ್ತಿ ಸುತ್ತಿ ಅವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇವೆ. ಒಂದು ಸೂಚನೆ: ನಟಿಯ ಮಾತು ಬಂದಾಗ 'ಆಕೆ' ಎಂದೂ, ಆಕೆ ಆಡಿದ ಲೂಸಿ ಪಾತ್ರದ ಮಾತು ಬಂದಾಗ 'ಅವಳು' ಎಂದೂ ಬರೆದಿದ್ದೇವೆ. ಇಬ್ಬರನ್ನೂ ಒಂದೇ ಮಾಡಿಕೊಂಡರೆ ಮುಂದಿನ ಅರ್ಧ ಉತ್ತರಗಳು ತಲೆಕೆಳಗಾಗುತ್ತವೆ.

## ಮೊದಲ ಪರಿಚಯ

ಯಾರಿವರು? ಒಂದೇ ಉಸಿರಲ್ಲಿ ಹೇಳಿಬಿಡಿ.

ಅಮೆರಿಕದ ಹಾಸ್ಯನಟಿ. ಹುಟ್ಟಿದ್ದು 1911ರ ಆಗಸ್ಟ್ 6, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ. ತೀರಿಕೊಂಡದ್ದು 1989ರ ಏಪ್ರಿಲ್ 26, ಲಾಸ್ ಏಂಜಲೀಸ್‌ನಲ್ಲಿ. 1951ರಿಂದ 1957ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಬಂದ 'ಐ ಲವ್ ಲೂಸಿ' ಆಕೆಯ ಹೆಸರನ್ನು ಮನೆಮನೆಗೆ ತಲುಪಿಸಿತು. ಗಂಡ ದೇಸಿ ಅರ್ನಾಝ್ ಜೊತೆ ಸೇರಿ 'ದೇಸಿಲು' ಎಂಬ ನಿರ್ಮಾಣ ಸಂಸ್ಥೆ ಕಟ್ಟಿದರು, ಆಮೇಲೆ ಅದನ್ನು ಆಕೆ ಒಬ್ಬರೇ ನಡೆಸಿದರು.

ಐ ಲವ್ ಲೂಸಿಯಲ್ಲಿ ಕಥೆ ಅಂತ ಏನಿದೆ?

ನ್ಯೂಯಾರ್ಕಿನ ಒಂದು ಬಾಡಿಗೆ ಮನೆ. ಗಂಡ ರಿಕಿ ರಿಕಾರ್ಡೊ, ಕ್ಯೂಬಾದಿಂದ ಬಂದ ವಾದ್ಯಗೋಷ್ಠಿಯವನು. ಹೆಂಡತಿ ಲೂಸಿಗೆ ತಾನೂ ವೇದಿಕೆ ಹತ್ತಬೇಕೆಂಬ ಹುಚ್ಚು. ಹಾಡಲು ಬಾರದು, ಸುಮ್ಮನಿರಲೂ ಬಾರದು. ಅದೇ ಕಟ್ಟಡದಲ್ಲಿ ಮಾಲೀಕರಾದ ಫ್ರೆಡ್ ಮತ್ತು ಎಥೆಲ್ ಮರ್ಟ್ಜ್. ಲೂಸಿ ಒಂದು ಹುನ್ನಾರ ಹೂಡುತ್ತಾಳೆ, ಎಥೆಲ್ ಗೊಣಗುತ್ತಲೇ ಕೈಜೋಡಿಸುತ್ತಾಳೆ, ಹುನ್ನಾರ ಅವಳ ಕೊರಳಿಗೇ ಸುತ್ತಿಕೊಳ್ಳುತ್ತದೆ. ಮನೆಯ ವಿಳಾಸ ಈಸ್ಟ್ 68ನೇ ಬೀದಿ, ಸಂಖ್ಯೆ 623. ನಕ್ಷೆಯಲ್ಲಿ ಹುಡುಕಿದರೆ ಆ ಜಾಗ ನದಿಯ ನೀರಿನೊಳಗೆ ಬೀಳುತ್ತದೆ.

ಒಟ್ಟು ಎಷ್ಟು ಕಂತು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ.

ಅರ್ಧ ಗಂಟೆಯವು 180. ಇದರ ಹೊರಗೆ ಎರಡಿವೆ: 1951ರ ಮಾರ್ಚ್‌ನಲ್ಲಿ ತೆಗೆದ ಪ್ರಾಯೋಗಿಕ ಕಂತು (ಇದು ಜನರಿಗೆ ಕಂಡದ್ದು 1990ರಲ್ಲಿ), ಮತ್ತು 1956ರ ಕ್ರಿಸ್‌ಮಸ್ ವಿಶೇಷ. 1957ರಿಂದ 1960ರ ನಡುವೆ ಅದೇ ಪಾತ್ರಗಳನ್ನಿಟ್ಟುಕೊಂಡು ಒಂದೊಂದು ಗಂಟೆಯ 13 ವಿಶೇಷಗಳೂ ಬಂದವು. ಯಾರು ಯಾವುದನ್ನು ಕೂಡಿಸುತ್ತಾರೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಲೂಸಿಲ್ ಆಮೇಲೆ ಮಾಡಿದ 'ದಿ ಲೂಸಿ ಶೋ' (1962–68, 156 ಕಂತು) ಮತ್ತು 'ಹಿಯರ್ಸ್ ಲೂಸಿ' (1968–74, 144 ಕಂತು) ಬೇರೆಯೇ ಧಾರಾವಾಹಿಗಳು. ಅವುಗಳಲ್ಲಿ ರಿಕಿಯೂ ಇಲ್ಲ, ಮರ್ಟ್ಜ್ ದಂಪತಿಯೂ ಇಲ್ಲ.

ಎಲ್ಲಿಂದ ನೋಡೋಕೆ ಶುರು ಮಾಡಲಿ? ಮೊದಲ ಕಂತು ನೋಡಿದೆ, ಅಂಥಾ ನಗು ಬರಲಿಲ್ಲ.

ಮೊದಲ ಕಂತಿನಿಂದ ಶುರು ಮಾಡಲೇಬೇಡಿ. ಅಲ್ಲಿ ನಾಲ್ವರೂ ಇನ್ನೂ ಪಾತ್ರದ ಅಳತೆ ನೋಡಿಕೊಳ್ಳುತ್ತಿದ್ದಾರೆ. ಕಂತಿನಿಂದ ಕಂತಿಗೆ ಬೆಳೆಯುವ ಕಥೆ ಕಡಿಮೆ, ಹಾಗಾಗಿ ನಡುವಿನಿಂದ ನೋಡಿದರೂ ನಷ್ಟವಿಲ್ಲ. ನಾವು ಹೇಳುವ ಕ್ರಮ ಇದು:

1952ರ ಮೇ 5ರಂದು ಬಂದ ಟಾನಿಕ್ ಜಾಹೀರಾತಿನ ಕಂತು ಮೊದಲು. ಆಮೇಲೆ 1952ರ ಸೆಪ್ಟೆಂಬರ್ 15ರ ಚಾಕೊಲೇಟ್ ಕಾರ್ಖಾನೆ. ಮೂರನೆಯದು 1955ರ ಫೆಬ್ರವರಿ 7ರದು. ಅದರಲ್ಲಿ ನಟ ವಿಲಿಯಂ ಹೋಲ್ಡನ್ ಎದುರು ಲೂಸಿಯ ಸುಳ್ಳು ಮೂಗಿಗೆ ಬೆಂಕಿ ಹತ್ತಿಕೊಳ್ಳುತ್ತದೆ. 1955ರ ಮೇ 9ರಂದು ಬಂದ, ಹಾಸ್ಯನಟ ಹಾರ್ಪೊ ಮಾರ್ಕ್ಸ್ ಇರುವ ಕಂತು ನಾಲ್ಕನೆಯದು. ಕೊನೆಗೆ ಇಟಲಿಯಲ್ಲಿ ದ್ರಾಕ್ಷಿ ತುಳಿಯುವುದು, 1956ರ ಏಪ್ರಿಲ್ 16. ಇಂಗ್ಲಿಷ್ ಅಷ್ಟಾಗಿ ಹಿಡಿಯದ ಹಿರಿಯರು ಮನೆಯಲ್ಲಿದ್ದರೆ ಹಾರ್ಪೊ ಮತ್ತು ದ್ರಾಕ್ಷಿ ಮೊದಲು ಹಾಕಿ. ಎರಡರಲ್ಲೂ ಮುಖ್ಯ ಘಟ್ಟಕ್ಕೆ ಮಾತೇ ಬೇಡ.

ಕಪ್ಪುಬಿಳುಪಲ್ಲಿ ನೋಡಿ ಕೆಂಪು ಕೂದಲು ಅಂತಾರಲ್ಲ, ನಿಜವಾಗಲೂ ಕೆಂಪಾ?

ಹುಟ್ಟು ಕೂದಲು ಕಂದು. 1940ರ ದಶಕದ ಆರಂಭದಲ್ಲಿ ಎಂಜಿಎಂ ಸ್ಟುಡಿಯೊ ಸೇರಿದಾಗ ಅಲ್ಲಿನ ಕೇಶವಿನ್ಯಾಸಕ ಸಿಡ್ನಿ ಗಿಲರಾಫ್ ವರ್ಣಚಿತ್ರಕ್ಕಾಗಿ ಅದನ್ನು ಕೆಂಪು ಮಾಡಿದರು. ಆಮೇಲೆ ಜೀವಮಾನವಿಡೀ ಆ ಬಣ್ಣವನ್ನು ಆಕೆ ಗೋರಂಟಿಯಿಂದ ಕಾಪಾಡಿಕೊಂಡರು. ಐ ಲವ್ ಲೂಸಿ ಪೂರ್ತಿ ಕಪ್ಪುಬಿಳುಪು; ಈಗ ಬಣ್ಣದಲ್ಲಿ ಸಿಗುವ ಕಂತುಗಳಿಗೆ ಬಹಳ ಕಾಲದ ಮೇಲೆ ಬಣ್ಣ ತುಂಬಲಾಗಿದೆ.

## ಬಾಲ್ಯ, ಸಿನಿಮಾ, ಮದುವೆ

ಬಾಲ್ಯ ಕಷ್ಟದ್ದು ಅಂತಾರೆ. ಎಷ್ಟು ಕಷ್ಟ?

ಅಪ್ಪ ಹೆನ್ರಿ ಬಾಲ್ ದೂರವಾಣಿ ತಂತಿ ಎಳೆಯುವ ಕೆಲಸದವರು. 1915ರಲ್ಲಿ ವಿಷಮಶೀತ ಜ್ವರಕ್ಕೆ ಬಲಿಯಾದರು. ಆಗ ಲೂಸಿಲ್‌ಗೆ ಮೂರು ವರ್ಷ, ತಮ್ಮ ಫ್ರೆಡ್ ಇನ್ನೂ ಅಮ್ಮನ ಹೊಟ್ಟೆಯಲ್ಲಿದ್ದ. ಮಕ್ಕಳು ಬೆಳೆದದ್ದು ಜೇಮ್ಸ್‌ಟೌನ್ ಪಕ್ಕದ ಸೆಲರಾನ್ ಎಂಬ ಕೆರೆದಡದ ಊರಿನಲ್ಲಿ, ತಾಯಿಯ ತಂದೆ ಫ್ರೆಡ್ ಹಂಟ್ ಆಸರೆಯಲ್ಲಿ. ಮೊಮ್ಮಗಳನ್ನು ವಾಡ್ವಿಲ್ ಆಟಗಳಿಗೆ (ಹಾಡು, ಕುಣಿತ, ಹಾಸ್ಯ ಬೆರೆಸಿದ ರಂಗ ಪ್ರದರ್ಶನ) ಕರೆದೊಯ್ದು ವೇದಿಕೆಯ ರುಚಿ ಹತ್ತಿಸಿದವರು ಈ ತಾತ. 1927ರಲ್ಲಿ ಅವರ ಹಿತ್ತಲಲ್ಲಿ ಬಂದೂಕಿನ ಗುರಿ ಅಭ್ಯಾಸ ನಡೆಯುವಾಗ ಗುಂಡು ತಗುಲಿ ನೆರೆಮನೆಯ ಹುಡುಗನಿಗೆ ಅಂಗ ಸ್ವಾಧೀನ ತಪ್ಪಿತು. ಮೊಕದ್ದಮೆಯಲ್ಲಿ ಮನೆ ಹೋಯಿತು. ಈ ತಾತನ ಹೆಸರು ನೆನಪಿನಲ್ಲಿರಲಿ, 1953ರಲ್ಲಿ ಮತ್ತೆ ಬರುತ್ತದೆ.

ನಟನಾ ಶಾಲೆಯವರು 'ನಿನ್ನಿಂದ ಆಗಲ್ಲ' ಅಂತ ವಾಪಸ್ ಕಳಿಸಿದ್ರಂತೆ, ಹೌದಾ?

ಹೌದು. 1926ರಲ್ಲಿ ನ್ಯೂಯಾರ್ಕಿನ ಜಾನ್ ಮರೆ ಆಂಡರ್ಸನ್ ಶಾಲೆಗೆ ಸೇರಿದರು. ಹುಡುಗಿ ಬಾಯಿ ಬಿಡುವುದೇ ಇಲ್ಲ, ದುಡ್ಡು ದಂಡ ಮಾಡಬೇಡಿ ಎಂಬರ್ಥದ ಪತ್ರ ತಾಯಿಗೆ ಹೋಯಿತು. ಅದೇ ಶಾಲೆಯಲ್ಲಿ ಆಗ ಮೆರೆಯುತ್ತಿದ್ದ ವಿದ್ಯಾರ್ಥಿನಿ, ಮುಂದೆ ಹಾಲಿವುಡ್ಡಿನ ದೊಡ್ಡ ತಾರೆಯಾದ ಬೆಟಿ ಡೇವಿಸ್. ಊರಿಗೆ ಮರಳಿದ ಲೂಸಿಲ್ ಮತ್ತೆ ನ್ಯೂಯಾರ್ಕಿಗೆ ಬಂದದ್ದು ಉಡುಪಿನ ಮಾಡೆಲ್ ಆಗಿ, ಹ್ಯಾಟಿ ಕಾರ್ನೆಗಿ ಅವರ ಅಂಗಡಿಯಲ್ಲಿ.

ಅಷ್ಟು ಸಿನಿಮಾ ಮಾಡಿದ್ರೂ ದೊಡ್ಡ ತಾರೆ ಯಾಕೆ ಆಗಲಿಲ್ಲ?

ಸ್ಟುಡಿಯೊಗಳಿಗೆ ಆಕೆಯನ್ನು ಯಾವ ಖಾನೆಯಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. 1933ರಲ್ಲಿ ಹಾಲಿವುಡ್ಡಿಗೆ ಬಂದದ್ದು ಗುಂಪು ನರ್ತಕಿಯಾಗಿ. ಆರ್‌ಕೆಒ ಸ್ಟುಡಿಯೊದಲ್ಲಿ 1937ರ 'ಸ್ಟೇಜ್ ಡೋರ್'ನಂಥ ಒಳ್ಳೆಯ ಚಿತ್ರದಲ್ಲಿ ಕ್ಯಾಥರಿನ್ ಹೆಪ್‌ಬರ್ನ್, ಜಿಂಜರ್ ರೋಜರ್ಸ್ ಜೊತೆ ಪಾತ್ರ ಸಿಕ್ಕಿತು. ಆದರೆ ಬಹುಪಾಲು ಅಗ್ಗದ ಚಿತ್ರಗಳೇ. 'ಬಿ ದರ್ಜೆಯ ರಾಣಿ' ಎಂಬ ಅಡ್ಡಹೆಸರು ಬಿತ್ತು. ಎಂಜಿಎಂ ಆಕೆಯನ್ನು ಚಂದದ ಗೊಂಬೆಯಾಗಿ ನಿಲ್ಲಿಸಿತು. ಆಕೆಯ ಶಕ್ತಿ ಇದ್ದದ್ದು ಚಂದದ ಮುಖವನ್ನು ನಾಚಿಕೆ ಬಿಟ್ಟು ವಿಕಾರ ಮಾಡಿಕೊಳ್ಳುವುದರಲ್ಲಿ. ಅದಕ್ಕೆ ಸಿನಿಮಾದಲ್ಲಿ ಜಾಗವಿರಲಿಲ್ಲ. ಆ ದಿನಗಳಲ್ಲಿ ಎಂಜಿಎಂನಲ್ಲೇ ಮೂಲೆಗುಂಪಾಗಿದ್ದ ಮೂಕಿ ಯುಗದ ದೊರೆ ಬಸ್ಟರ್ ಕೀಟನ್ ಆಕೆಗೆ ಸಾಮಾನುಗಳನ್ನಿಟ್ಟುಕೊಂಡು ನಗಿಸುವ ವಿದ್ಯೆ ಹೇಳಿಕೊಟ್ಟರು. ಆ ಸ್ಟುಡಿಯೊದಿಂದ ಆಕೆಗೆ ದಕ್ಕಿದ ದೊಡ್ಡ ಲಾಭ ಇದೇ ಎಂದು ನಮ್ಮ ಎಣಿಕೆ.

ದೇಸಿ ಅರ್ನಾಝ್ ಬರೀ 'ಲೂಸಿಯ ಗಂಡ'ನಾ?

ಅಲ್ಲವೇ ಅಲ್ಲ. ಹೆಸರು ದೇಸಿ, ಬಂದದ್ದು ಪರದೇಶಿಯಾಗಿ. 1917ರಲ್ಲಿ ಕ್ಯೂಬಾದ ಸ್ಯಾಂಟಿಯಾಗೊದಲ್ಲಿ ಜನನ. ತಂದೆ ಆ ಊರಿನ ಮೇಯರ್. 1933ರ ಕ್ರಾಂತಿಯಲ್ಲಿ ಮನೆಮಠ ಹೋಗಿ ಅಮೆರಿಕಕ್ಕೆ ಓಡಿಬಂದರು. ಕಾಂಗಾ ವಾದ್ಯ ಹಿಡಿದು ಹೆಸರು ಮಾಡಿದರು. 1940ರಲ್ಲಿ ಒಂದು ಚಿತ್ರದ ಸೆಟ್ಟಿನಲ್ಲಿ ಪರಿಚಯ, ಅದೇ ನವೆಂಬರ್ 30ರಂದು ಮದುವೆ. ಆಕೆಗಿಂತ ಐದೂವರೆ ವರ್ಷ ಚಿಕ್ಕವರು. ಮುಂದೆ ದೇಸಿಲು ಸಂಸ್ಥೆಯ ವ್ಯವಹಾರದ ತಲೆ ಅವರದೇ. ಕುಡಿತ, ಬೇರೆ ಹೆಂಗಸರ ಸಹವಾಸ ಎರಡೂ ಇದ್ದವು. 1944ರಲ್ಲೇ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿ, ಮತ್ತೆ ರಾಜಿಯಾಗಿದ್ದರು.

## ಧಾರಾವಾಹಿ ಹುಟ್ಟಿದ ಬಗೆ

ರೇಡಿಯೊದಿಂದ ಟಿವಿಗೆ ಹೇಗೆ ಬಂದ್ರು?

1948ರಿಂದ 1951ರವರೆಗೆ ಸಿಬಿಎಸ್ ರೇಡಿಯೊದಲ್ಲಿ 'ಮೈ ಫೇವರಿಟ್ ಹಸ್ಬೆಂಡ್' ಎಂಬ ಸಂಸಾರ ಹಾಸ್ಯ ನಡೆಯಿತು. ಗಂಡನ ಪಾತ್ರ ರಿಚರ್ಡ್ ಡೆನ್ನಿಂಗ್ ಅವರದು. ಮುಂದೆ ಲೂಸಿಯನ್ನು ಬರೆದ ಮೂವರು, ಅಂದರೆ ಜೆಸ್ ಆಪನ್‌ಹೈಮರ್, ಮ್ಯಾಡ್ಲಿನ್ ಪ್ಯೂ, ಬಾಬ್ ಕ್ಯಾರಲ್ ಜೂನಿಯರ್, ಆಕೆಗೆ ಸಿಕ್ಕಿದ್ದು ಇಲ್ಲೇ. ರೇಡಿಯೊ ಆದರೂ ಎದುರಿಗೆ ಪ್ರೇಕ್ಷಕರು ಕೂತಿರುತ್ತಿದ್ದರು. ಅವರನ್ನು ನೋಡುತ್ತಲೇ ಆಕೆಯ ಕೈಕಾಲು, ಕಣ್ಣು, ಹುಬ್ಬು ಆಡತೊಡಗಿದವು.

ಸಿಬಿಎಸ್ ಟಿವಿಗೆ ಕರೆದಾಗ ಆಕೆಯ ಷರತ್ತು ಒಂದೇ: ಗಂಡನಾಗಿ ದೇಸಿಯೇ ಬೇಕು. ಅಮೆರಿಕದ ಹುಡುಗಿಗೆ ಕ್ಯೂಬಾದ ಗಂಡ, ಅವನ ಉಚ್ಚಾರಣೆ ಬೇರೆ ವಿಚಿತ್ರ, ಜನ ಒಪ್ಪುವುದಿಲ್ಲ ಎಂದರು ಮೇಲಿನವರು. ವಾದ ಮಾಡುವ ಬದಲು ದಂಪತಿ 1950ರಲ್ಲಿ ತಮ್ಮದೇ ಆಟ ಕಟ್ಟಿಕೊಂಡು ಊರೂರು ತಿರುಗಿ, ಜನ ಒಪ್ಪುತ್ತಾರೆಂದು ತೋರಿಸಿಬಿಟ್ಟರು. 1951ರ ಮಾರ್ಚ್ 2ರಂದು ಪ್ರಾಯೋಗಿಕ ಕಂತು ತೆಗೆದಾಗ ಆಕೆ ಗರ್ಭಿಣಿ, ಸಡಿಲ ಉಡುಪಿನಲ್ಲಿ ಅದನ್ನು ಮರೆಸಿದ್ದರು. ಜುಲೈ 17ರಂದು ಮಗಳು ಲೂಸಿ ಅರ್ನಾಝ್ ಹುಟ್ಟಿದಳು. ತಾಯಿಗೆ ನಲವತ್ತು ತುಂಬಲು ಇಪ್ಪತ್ತು ದಿನ ಬಾಕಿ. ಬಾಣಂತನ ಮುಗಿಯಿತು ಅನ್ನುವಷ್ಟರಲ್ಲಿ, ಸೆಪ್ಟೆಂಬರ್ 8ಕ್ಕೆ, ಚಿತ್ರೀಕರಣ ಶುರು. ಅಕ್ಟೋಬರ್ 15, ಸೋಮವಾರ ರಾತ್ರಿ ಒಂಬತ್ತಕ್ಕೆ ಮೊದಲ ಪ್ರಸಾರ.

ಮೂರು ಕ್ಯಾಮೆರಾ, ಮೂರು ಕ್ಯಾಮೆರಾ ಅಂತಾರಲ್ಲ, ಅದರಲ್ಲಿ ಅಂಥ ವಿಶೇಷ ಏನು?

ಮೊದಲು ತೊಡಕು ಏನಿತ್ತು ನೋಡಿ. ಆಗಿನ ಟಿವಿ ಹಾಸ್ಯ ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರ ಪ್ರಸಾರ. ಎರಡು ಕರಾವಳಿಗಳ ನಡುವೆ ಟಿವಿ ಸಂಪರ್ಕ ತೆರೆದದ್ದೇ 1951ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ದೂರದ ಊರುಗಳಿಗೆ ಕಳಿಸುತ್ತಿದ್ದದ್ದು ಕಿನೆಸ್ಕೋಪ್: ಟಿವಿ ಪರದೆಯ ಎದುರು ಸಿನಿಮಾ ಕ್ಯಾಮೆರಾ ಇಟ್ಟು ತೆಗೆದ ಪ್ರತಿ. ಮಂಜು ಮುಸುಕಿದ ಹಾಗೆ ಕಾಣುತ್ತಿತ್ತು. ಪ್ರಾಯೋಜಕರು ಫಿಲಿಪ್ ಮಾರಿಸ್ ಸಿಗರೇಟಿನವರು. ಗಿರಾಕಿಗಳು ಹೆಚ್ಚಿದ್ದ ಪೂರ್ವಕ್ಕೆ ಆ ಮಸುಕು ಪ್ರತಿ ಹೋಗುವುದು ಅವರಿಗೆ ಬೇಡ. ದಂಪತಿಗೆ ಹಾಲಿವುಡ್ ಬಿಡುವುದು ಬೇಡ. ಸಿನಿಮಾದಂತೆ 35 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದರೆ ಎಲ್ಲ ಊರಿಗೂ ಒಂದೇ ಗುಣಮಟ್ಟದ ಪ್ರತಿ ಹೋಗುತ್ತದೆ. ಆದರೆ ಒಂದೊಂದೇ ಶಾಟ್ ತೆಗೆದು, ದೀಪ ಸರಿಸಿ, ಮತ್ತೆ ತೆಗೆಯುವ ಸಿನಿಮಾ ಪದ್ಧತಿಯಲ್ಲಿ ಪ್ರೇಕ್ಷಕರನ್ನು ಕೂರಿಸಲಾಗದು. ಪ್ರೇಕ್ಷಕರಿಲ್ಲದೆ ಲೂಸಿಲ್ ಅರಳುವುದಿಲ್ಲ. ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪರಿಹಾರ ಹೀಗಿತ್ತು. ಅಡುಗೆಮನೆ, ಹಜಾರ, ಮಲಗುವ ಕೋಣೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕಾಯಂ ಆಗಿ ಕಟ್ಟುವುದು. ಸುಮಾರು 300 ಜನರನ್ನು ಎದುರು ಕೂರಿಸುವುದು. ನಡುವಿನ ಕ್ಯಾಮೆರಾ ಇಡೀ ದೃಶ್ಯ ಹಿಡಿದರೆ, ಅಕ್ಕಪಕ್ಕದ ಎರಡು ಮುಖಗಳನ್ನು ಹಿಡಿಯುವುದು. ಮೂರೂ ಒಟ್ಟಿಗೆ ಓಡುವುದು. ನಾಟಕದಂತೆ ಮೊದಲಿನಿಂದ ಕೊನೆಯವರೆಗೆ ಆಡಿಬಿಡುವುದು.

ದೀಪದ ಸಮಸ್ಯೆ ಬಗೆಹರಿಸಿದವರು ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್. ಜರ್ಮನಿಯಲ್ಲಿ 'ಮೆಟ್ರೊಪೊಲಿಸ್' ತೆಗೆದವರು, ಹಾಲಿವುಡ್ಡಿನಲ್ಲಿ ಆಸ್ಕರ್ ಪಡೆದವರು. ಮೂರು ಕೋನ ಒಟ್ಟಿಗೆ ತೆಗೆಯುವಾಗ ಒಂದು ಮುಖಕ್ಕೆ ಸರಿಯಾದ ಬೆಳಕು ಇನ್ನೊಂದು ಕೋನದಲ್ಲಿ ನೆರಳಾಗುತ್ತದೆ. ನೆಲದ ಮೇಲೆ ದೀಪದ ಕಂಬ ನಿಲ್ಲಿಸಿದರೆ ಕ್ಯಾಮೆರಾ ಗಾಡಿಗೆ ಅಡ್ಡ. ಅವರು ದೀಪಗಳನ್ನೆಲ್ಲ ಮೇಲೆ ತೂಗುಹಾಕಿ ಇಡೀ ರಂಗಕ್ಕೆ ಸಮನಾದ ಬೆಳಕು ಹರಡಿದರು. ಕಪ್ಪುಬಿಳುಪಿನ ಏರಿಳಿತವನ್ನು ಟಿವಿ ಹೆಚ್ಚಿಸಿ ತೋರಿಸುತ್ತಿತ್ತು, ಅದಕ್ಕಾಗಿ ಗೋಡೆ, ಸಾಮಾನುಗಳಿಗೆ ಬೂದು ಬಣ್ಣದ ನಾನಾ ಛಾಯೆಗಳನ್ನೇ ಬಳಿಸಿದರು.

ಫಿಲ್ಮ್ ಖರ್ಚು ಲೆಕ್ಕ ಹಾಕಿ: 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. 22 ನಿಮಿಷಕ್ಕೆ ಒಂದು ಕ್ಯಾಮೆರಾಗೆ ಸುಮಾರು 2,000 ಅಡಿ, ಮೂರಕ್ಕೆ 6,000. ಉಳಿಯುವುದು ಮೂರರಲ್ಲಿ ಒಂದು ಪಾಲು. ಸಂಕಲನಕ್ಕೆ ಮೂರು ಚಿತ್ರ, ಒಂದು ಧ್ವನಿ ಒಟ್ಟಿಗೆ ಓಡುವ ವಿಶೇಷ ಮೂವಿಯೋಲ ಯಂತ್ರ ತರಿಸಿದರು. ಸಂಕಲನದವರು ಅದಕ್ಕೆ ಇಟ್ಟ ಹೆಸರು 'ಮೂರು ತಲೆಯ ರಾಕ್ಷಸ'.

ಹಲವು ಕ್ಯಾಮೆರಾ ಒಟ್ಟಿಗೆ ಓಡಿಸುವುದು ಇವರ ಆವಿಷ್ಕಾರ ಅಲ್ಲ, ಮುಂಚೆಯೂ ಕೆಲವು ಟಿವಿ ಕಾರ್ಯಕ್ರಮಗಳಲ್ಲಿ ಇತ್ತು. ಆದರೆ ಹಾಸ್ಯ ಧಾರಾವಾಹಿ, ಫಿಲ್ಮ್, ಎದುರಿಗೆ ಪ್ರೇಕ್ಷಕರು, ಈ ಮೂರನ್ನೂ ಕೂಡಿಸಿ ವಾರವಾರವೂ ನಡೆಯುವ ಕ್ರಮ ಮಾಡಿದ್ದು ಇಲ್ಲೇ.

ಅಲ್ಲಿ ಕೇಳೋ ನಗು ಅಸಲಿಯೋ, ಡಬ್ಬದ ನಗುವೋ?

ಅಸಲಿ. ಪ್ರೇಕ್ಷಕರ ತಲೆಯ ಮೇಲೆ ಮೈಕುಗಳನ್ನು ತೂಗುಹಾಕಿದ್ದರು. ಲೂಸಿಲ್ ತಾಯಿ ಡೀಡೀ ತಪ್ಪದೆ ಬಂದು ಕೂರುತ್ತಿದ್ದರು. ಮಗಳು ಇನ್ನೇನು ಎಡವಟ್ಟು ಮಾಡುತ್ತಾಳೆ ಅನ್ನುವಾಗ ಒಂದು ಹೆಣ್ಣು ದನಿ "ಅಯ್ಯಯ್ಯೋ" ಎಂಬರ್ಥದಲ್ಲಿ ಉದ್ಗರಿಸುವುದು ಹಲವು ಕಂತುಗಳಲ್ಲಿ ಕಿವಿಗೆ ಬೀಳುತ್ತದೆ. ಅದು ಅವರದೇ. 1957ರ ಮಾರ್ಚ್ 11ರ ಕಂತಿನಲ್ಲಿ ಲೂಸಿ ರವಿಕೆಯೊಳಗೆ ಮೊಟ್ಟೆ ಬಚ್ಚಿಟ್ಟುಕೊಂಡು ಟ್ಯಾಂಗೊ ಕುಣಿಯುವಾಗ ಮೊಟ್ಟೆ ಒಡೆದ ಮೇಲಿನ ನಗು 65 ಸೆಕೆಂಡು ಎಂದು ಪ್ರಸಿದ್ಧ.

## ನಗುವಿನ ಹಿಂದಿನ ಕೆಲಸ

ಆ ಚೇಷ್ಟೆಗಳನ್ನೆಲ್ಲ ಸೆಟ್ಟಲ್ಲೇ ಆ ಕ್ಷಣಕ್ಕೆ ಹುಟ್ಟಿಸ್ತಿದ್ರಾ?

ಇಲ್ಲ. ಎಲ್ಲಕ್ಕಿಂತ ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ. ಆಕೆ ಬರೆದಿಲ್ಲದ್ದನ್ನು ಆಡುವವರಲ್ಲ. ಆಟದ ಸೂಚನೆಗಳನ್ನು, ಅಂದರೆ ಯಾವ ಕೈ, ಯಾವ ಹೆಜ್ಜೆ, ಯಾವಾಗ ಬೀಳಬೇಕು ಅನ್ನುವುದನ್ನು, ಲೇಖಕರು ದಪ್ಪಕ್ಷರದಲ್ಲಿ ಟೈಪ್ ಮಾಡುತ್ತಿದ್ದರು. ತಂಡದಲ್ಲಿ ಅದಕ್ಕೆ 'ಕಪ್ಪು ಭಾಗ' ಎಂದೇ ಹೆಸರು. ಅದನ್ನು ಕೊಡುವ ಮೊದಲು ಮ್ಯಾಡ್ಲಿನ್ ಪ್ಯೂ ಕಚೇರಿಯಲ್ಲಿ ತಾವೇ ಮಾಡಿ ನೋಡುತ್ತಿದ್ದರು. ಒಬ್ಬ ಹೆಂಗಸಿನ ಮೈಯಿಂದ ಆಗುತ್ತದೋ, ಪೆಟ್ಟಾಗುತ್ತದೋ, ಲಂಗ ತೊಟ್ಟು ಮಾಡಲು ಬರುತ್ತದೋ ಎಂದು.

ಮುಖಭಾವಗಳಿಗೂ ಸಂಕೇತಗಳಿದ್ದವು. 'ಸ್ಪೈಡರ್' ಎಂದು ಬರೆದರೆ ಮೇಲ್ತುಟಿ ಎತ್ತಿ ಹಲ್ಲುಕಿರಿದು "ಈ..." ಎನ್ನುವ ಮುಖ. 'ಪಡ್ಲಿಂಗ್ ಅಪ್' ಎಂದರೆ ಕಣ್ಣಲ್ಲಿ ನೀರು ತುಂಬಿ, ಇನ್ನೂ ಅಳು ಒಡೆಯದ ಸ್ಥಿತಿ. 'ಕ್ರೆಡೆನ್ಷಿಯಲ್ಸ್' ಎಂದರೆ "ನನಗೇ ಹೀಗಂದರಾ" ಎಂಬ ಬಾಯಿಬಿಟ್ಟ ಅವಮಾನ. ನಮ್ಮ ಯಕ್ಷಗಾನ, ಭರತನಾಟ್ಯದವರಿಗೆ ಇದು ಹೊಸದೆನಿಸಲಿಕ್ಕಿಲ್ಲ.

ನಾಲ್ಕು ದಿನದ ತಾಲೀಮು, ಆಮೇಲೆ ಪ್ರೇಕ್ಷಕರೆದುರು ಒಂದು ರಾತ್ರಿ. ಸಾಮಾನಿನ ತೂಕ, ಬಾಗಿಲಿನ ತಿರುಗು, ಬಾಟಲಿಯ ಬಿರಡೆ ಎಲ್ಲವನ್ನೂ ಕೈಯೇ ನೆನಪಿಡುವವರೆಗೆ ಮಾಡುತ್ತಿದ್ದರು. ಮೊಟ್ಟೆಯಂಥ ಅಪರೂಪದ ಕಡೆ ಮಾತ್ರ ತಾಲೀಮಿನಲ್ಲಿ ಒಡೆಯದೆ ಬಿಟ್ಟದ್ದು, ಲೋಳೆ ಮೈಗಿಳಿದಾಗಿನ ಮುಖ ಹೊಸದಾಗಿ ಬರಲೆಂದು. ಸೆಟ್ಟಿನಲ್ಲಿ ಆಕೆ ತಮಾಷೆಯ ಮನುಷ್ಯರಾಗಿರಲಿಲ್ಲ. ಬಿಗಿ, ಖಡಕ್ಕು, ಸಾಮಾನು ಅಂಗುಲ ಸರಿದರೂ ಸಿಡುಕು.

ಟಾನಿಕ್ ದೃಶ್ಯ ಯಾಕೆ ಅಷ್ಟು ಕೆಲಸ ಮಾಡುತ್ತೆ? ನಾವೂ ನಾಟಕದಲ್ಲಿ ಕುಡುಕನ ಪಾತ್ರ ಮಾಡಿದ್ವಿ, ಯಾರೂ ನಗಲಿಲ್ಲ.

ನಿಮ್ಮ ಕುಡುಕ ಬಹುಶಃ ರಂಗಕ್ಕೆ ಬರುವಾಗಲೇ ಕುಡಿದಿದ್ದ. ಇಲ್ಲಿ ಹಾಗಲ್ಲ. ಲೂಸಿ ಟಿವಿ ಜಾಹೀರಾತಿಗೆ 'ವೈಟಮೀಟವೆಜಮಿನ್' ಎಂಬ ಟಾನಿಕ್ ಮಾರಬೇಕು. ಅದರಲ್ಲಿ ನೂರಕ್ಕೆ 23 ಪಾಲು ಮದ್ಯಸಾರವಿದೆ; ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಮೊದಲ ಸಲ ಭಾಷಣ ಪೂರ್ತಿ ಸ್ಪಷ್ಟ. ಆಗಲೇ ಆ ಸಾಲುಗಳು ಪ್ರೇಕ್ಷಕರಿಗೆ ಬಾಯಿಪಾಠವಾಗುತ್ತವೆ. ತಾಲೀಮು ಎಂದು ಮತ್ತೆ ಮತ್ತೆ ಹೇಳಿಸುತ್ತಾರೆ, ಪ್ರತಿ ಸಲವೂ ಒಂದೊಂದು ಚಮಚ. ಮೊದಲು ಮುಖ ಹಿಂಡಿಕೊಳ್ಳುತ್ತಾಳೆ, ಆಮೇಲೆ ರುಚಿ ಹತ್ತುತ್ತದೆ. ಮಾತು ಒಮ್ಮೆಗೇ ತೊದಲುವುದಿಲ್ಲ. ಮೊದಲು ಕಣ್ಣು ಸಡಿಲ, ಆಮೇಲೆ ಒಂದೇ ಅಕ್ಷರ ಜಾರುತ್ತದೆ, ಆಮೇಲೆ ಪದಗಳೇ ಜಾಗ ಬದಲಿಸುತ್ತವೆ. ಕುಡಿದವಳ ಹಾಗೆ ನಟಿಸದೆ, ಕುಡಿದದ್ದನ್ನು ಮುಚ್ಚಿಕೊಂಡು ಕೆಲಸ ಸರಿಯಾಗಿ ಮುಗಿಸಲು ಒದ್ದಾಡುವವಳ ಹಾಗೆ ಆಕೆ ನಟಿಸುತ್ತಾರೆ. ಬಾಟಲಿಯಲ್ಲಿ ಇದ್ದದ್ದು ಸೇಬಿನ ಪೆಕ್ಟಿನ್.

ಚಾಕೊಲೇಟ್ ಕಂತಿನ ಗುಟ್ಟೇನು?

ಯಂತ್ರಕ್ಕೆ ದಯೆ ಇಲ್ಲ ಅನ್ನುವುದು. ಪಟ್ಟಿಯ ಮೇಲೆ ಚಾಕೊಲೇಟ್ ಸಾಗಿ ಬರುತ್ತದೆ, ಲೂಸಿ ಮತ್ತು ಎಥೆಲ್ ಒಂದೊಂದಕ್ಕೂ ಕಾಗದ ಸುತ್ತಬೇಕು, ಒಂದು ತಪ್ಪಿದರೂ ಕೆಲಸ ಹೋಗುತ್ತದೆ. ಬಾಯಿ, ಟೋಪಿ, ಎದೆ, ಬಚ್ಚಿಡಲು ಸಿಕ್ಕಿದ್ದೆಲ್ಲ ತುಂಬುತ್ತದೆ. ಮೇಲ್ವಿಚಾರಕಿ ಬಂದು ಪಟ್ಟಿ ಖಾಲಿ ಇರುವುದನ್ನು ನೋಡಿ, ಇವರು ಚುರುಕೆಂದು ತಿಳಿದು, ವೇಗ ಹೆಚ್ಚಿಸಿ ಅನ್ನುತ್ತಾಳೆ. ನಗು ಸ್ಫೋಟಿಸುವುದು ಅಲ್ಲಿ. ಇದಕ್ಕೆ ಮುಂಚಿನ ದೃಶ್ಯದಲ್ಲಿ ಲೂಸಿಯ ಪಕ್ಕ ಕೂತು ಚಾಕೊಲೇಟ್ ಅದ್ದುವ ಗಂಭೀರ ಹೆಂಗಸು ನಟಿಯಲ್ಲ. ನಿಜವಾಗಿ ಆ ಕಸುಬಿನವರನ್ನೇ ಕರೆಸಿದ್ದರು.

ಎಥೆಲ್, ಫ್ರೆಡ್ ಪಾತ್ರದವರು ನಿಜ ಜೀವನದಲ್ಲಿ ಹಾವು ಮುಂಗುಸಿ ಅಂತೆ?

ಅಂತೆಯಲ್ಲ, ಹೌದೇ. ವಿವಿಯನ್ ವ್ಯಾನ್ಸ್ ಹುಟ್ಟಿದ್ದು 1909, ವಿಲಿಯಂ ಫ್ರಾಲಿ 1887. ತಂದೆಯ ವಯಸ್ಸಿನವನಿಗೆ ಹೆಂಡತಿಯಾಗಿ ತೋರಿಸುತ್ತಿದ್ದಾರೆಂದು ವ್ಯಾನ್ಸ್‌ಗೆ ಸಿಟ್ಟು. ಅದು ಫ್ರಾಲಿ ಕಿವಿಗೆ ಬಿತ್ತು, ಅಲ್ಲಿಂದ ಕೊನೆಯವರೆಗೂ ಮಾತು ಅಷ್ಟಕ್ಕಷ್ಟೇ. ಪರದೆಯ ಮೇಲೆ ಆ ಕಹಿ ಹದವಾಗಿ ಒದಗಿತು. ಇವರಿಬ್ಬರ ಮೇಲೇ ಒಂದು ಧಾರಾವಾಹಿ ಮಾಡುವ ಮಾತು ಬಂದಾಗ ವ್ಯಾನ್ಸ್ ಒಪ್ಪಲಿಲ್ಲ. 1962ರಲ್ಲಿ 'ದಿ ಲೂಸಿ ಶೋ'ಗೆ ಬಂದಾಗ ಪಾತ್ರಕ್ಕೆ ತನ್ನದೇ ಹೆಸರಿರಬೇಕೆಂದು ಹಠ ಹಿಡಿದರು. ಬೀದಿಯಲ್ಲಿ ಎಥೆಲ್ ಅನ್ನಿಸಿಕೊಂಡು ಸಾಕಾಗಿತ್ತು. ಸದಾ ಲೂಸಿಲ್‌ಗಿಂತ ದಪ್ಪಗಿರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದರು ಎಂಬ ಮಾತು ಸುಳ್ಳು. ಅದು ಲೂಸಿಲ್ ತಮಾಷೆಗೆ ಬರೆದುಕೊಟ್ಟ ಹುಸಿ ಒಪ್ಪಂದ.

'ಗರ್ಭಿಣಿ' ಅನ್ನೋ ಪದವೇ ನಿಷೇಧ ಆಗಿತ್ತಾ?

ಹೌದು, ವಾಹಿನಿಯವರು ಬಿಡಲಿಲ್ಲ. "ಮಗುವಿನ ನಿರೀಕ್ಷೆಯಲ್ಲಿದ್ದಾಳೆ" ಎಂದೇ ಹೇಳಬೇಕಾಯಿತು. ಕಂತಿನ ಹೆಸರಿಗೂ ಫ್ರೆಂಚ್ ಪದ ತಂದರು. 1952ರಲ್ಲಿ ಆಕೆ ಮತ್ತೆ ಬಸುರಿಯಾದಾಗ ಮರೆಸುವ ಬದಲು ಕಥೆಗೇ ತಂದರು; ಕ್ಯಾಥಲಿಕ್ ಪಾದ್ರಿ, ಪ್ರಾಟೆಸ್ಟಂಟ್ ಪಾದ್ರಿ, ಯಹೂದಿ ರಬ್ಬಿ ಮೂವರೂ ಬರಹ ಓದಿ ಒಪ್ಪಿದ ಮೇಲೆ ಚಿತ್ರೀಕರಣ. ಹೆರಿಗೆ ಶಸ್ತ್ರಚಿಕಿತ್ಸೆಯಿಂದಲೇ ಆಗಬೇಕಿದ್ದುದರಿಂದ ದಿನ ಮೊದಲೇ ಗೊತ್ತು ಮಾಡಲು ಬಂತು. 1953ರ ಜನವರಿ 19, ಸೋಮವಾರ: ಬೆಳಗ್ಗೆ ದೇಸಿ ಜೂನಿಯರ್ ಹುಟ್ಟಿದ, ರಾತ್ರಿ ಟಿವಿಯಲ್ಲಿ ಲೂಸಿಗೆ ಗಂಡು ಮಗು ಹುಟ್ಟಿತು. ನೋಡಿದವರು ಸುಮಾರು 4 ಕೋಟಿ 40 ಲಕ್ಷ. ಮರುದಿನ ಐಸೆನ್‌ಹೋವರ್ ಅಧ್ಯಕ್ಷ ಪದವಿಯ ಪ್ರಮಾಣವಚನವನ್ನು ನೋಡಿದವರು ಸುಮಾರು 2 ಕೋಟಿ 90 ಲಕ್ಷ. ಅಮೆರಿಕದ ಟಿವಿಯಲ್ಲಿ ಮೊದಲ ಬಸುರಿ ಪಾತ್ರ ಇದೇ ಅನ್ನುವುದು ಮಾತ್ರ ಸರಿಯಲ್ಲ; 1948ರಲ್ಲೇ 'ಮೇರಿ ಕೇ ಅಂಡ್ ಜಾನಿ'ಯಲ್ಲಿ ಬಂದಿತ್ತು.

ಕಮ್ಯುನಿಸ್ಟ್ ಅಂತ ಆರೋಪ ಬಂದಿದ್ದು ಯಾಕೆ?

1936ರಲ್ಲಿ ಮತದಾರರ ಪಟ್ಟಿಯಲ್ಲಿ ಆಕೆ ಕಮ್ಯುನಿಸ್ಟ್ ಎಂದು ನೋಂದಾಯಿಸಿಕೊಂಡಿದ್ದರು. ಕಾರ್ಮಿಕರ ಪರವಾಗಿದ್ದ ತಾತ ಫ್ರೆಡ್ ಹಂಟ್ ಅವರನ್ನು ಸಂತೋಷಪಡಿಸಲು ಮಾಡಿದ್ದು ಎಂದು 1953ರ ಸೆಪ್ಟೆಂಬರ್ 4ರಂದು ಸಂಸತ್ತಿನ ಸಮಿತಿಯ ತನಿಖಾಧಿಕಾರಿ ಎದುರು ಹೇಳಿಕೆ ಕೊಟ್ಟರು. ಎರಡೇ ದಿನಕ್ಕೆ ಅಂಕಣಕಾರ ವಾಲ್ಟರ್ ವಿಂಚೆಲ್ ರೇಡಿಯೊದಲ್ಲಿ ಸುಳಿವು ಬಿಟ್ಟರು. ಆಗ ಇಂಥ ಆರೋಪ ಎಂದರೆ ಬದುಕೇ ಮುಗಿದ ಹಾಗೆ. 11ರ ರಾತ್ರಿ ಚಿತ್ರೀಕರಣಕ್ಕೆ ಮುಂಚೆ ದೇಸಿ ಪ್ರೇಕ್ಷಕರ ಎದುರು ನಿಂತು, ಲೂಸಿಯಲ್ಲಿ ಕೆಂಪಗಿರುವುದು ಕೂದಲೊಂದೇ, ಅದೂ ಅಸಲಿಯಲ್ಲ ಎಂದರು. ಜನ ಎದ್ದು ಚಪ್ಪಾಳೆ ತಟ್ಟಿದರು, ಪ್ರಾಯೋಜಕರು ಕೈಬಿಡಲಿಲ್ಲ.

## ಹಣ, ಒಡೆತನ, ಕೊನೆಯ ವರ್ಷಗಳು

ನಿಜವಾದ ದುಡ್ಡು ಎಲ್ಲಿಂದ ಬಂತು? ಸಂಬಳದಿಂದಾ?

ಡಬ್ಬದಲ್ಲಿದ್ದ ಫಿಲ್ಮಿನಿಂದ. ಫಿಲ್ಮಿನಲ್ಲಿ ತೆಗೆಯಲು ಹೆಚ್ಚುವರಿ ಖರ್ಚು ಬಂದಾಗ ದಂಪತಿ ವಾರಕ್ಕೆ 1,000 ಡಾಲರ್ ಸಂಬಳ ಬಿಟ್ಟುಕೊಟ್ಟು, ಬದಲಿಗೆ ಕಂತುಗಳ ಒಡೆತನ ಕೇಳಿ ಪಡೆದರು. ಒಮ್ಮೆ ಪ್ರಸಾರವಾದ ಕಾರ್ಯಕ್ರಮಕ್ಕೆ ಮತ್ತೆ ಬೆಲೆಯಿದೆಯೆಂದು ವಾಹಿನಿಗೆ ಆಗ ಅನ್ನಿಸಿರಲಿಲ್ಲ. ಬಾಣಂತನದ ಬಿಡುವಿನಲ್ಲಿ ಹಳೆಯ ಕಂತುಗಳನ್ನೇ ಮತ್ತೆ ಹಾಕಿದಾಗ ಜನ ಮತ್ತೆ ನೋಡಿದರು. ಕೊನೆಗೆ ಅದೇ ಕಂತುಗಳನ್ನು ಸಿಬಿಎಸ್ ಲಕ್ಷಾಂತರ ಡಾಲರ್ ತೆತ್ತು ಕೊಳ್ಳಬೇಕಾಯಿತು. ಆ ಹಣದ ಬಲದಲ್ಲಿ 1957ರ ಕೊನೆಗೆ ದೇಸಿಲು ಕೊಂಡದ್ದು ಆರ್‌ಕೆಒ ಸ್ಟುಡಿಯೊವನ್ನು, 60 ಲಕ್ಷ ಡಾಲರಿಗೂ ಮೇಲೆ ಕೊಟ್ಟು. ಇಪ್ಪತ್ತು ವರ್ಷ ಹಿಂದೆ ಆಕೆ ಸಂಬಳಕ್ಕಿದ್ದ ಜಾಗ ಅದು.

ವಿಚ್ಛೇದನ ಆದಮೇಲೆ ಕಂಪನಿ ಯಾರ ಪಾಲಾಯ್ತು?

ಕೊನೆಯ ವಿಶೇಷ ಕಂತಿನ ಚಿತ್ರೀಕರಣ ಮುಗಿದ ಮರುದಿನ, 1960ರ ಮಾರ್ಚ್ 3, ಅರ್ಜಿ ಬಿತ್ತು. ಮೇ 4ರಂದು ವಿಚ್ಛೇದನ. ಕಂಪನಿಯನ್ನು ಇಬ್ಬರೂ ಇನ್ನೂ ಎರಡು ವರ್ಷ ಒಟ್ಟಿಗೆ ನಡೆಸಿದರು. 1962ರ ನವೆಂಬರಿನಲ್ಲಿ ಆಕೆ ಸುಮಾರು 25 ಲಕ್ಷ ಡಾಲರ್ ಕೊಟ್ಟು ದೇಸಿಯ ಪಾಲು ಕೊಂಡು ಅಧ್ಯಕ್ಷೆಯಾದರು. ಅಷ್ಟು ದೊಡ್ಡ ಟಿವಿ ಸ್ಟುಡಿಯೊವನ್ನು ಹೆಂಗಸೊಬ್ಬರು ನಡೆಸಿದ್ದು ಅದೇ ಮೊದಲು. ನಡುವೆ 1961ರಲ್ಲಿ ಹಾಸ್ಯಗಾರ ಗ್ಯಾರಿ ಮಾರ್ಟನ್ ಜೊತೆ ಎರಡನೆಯ ಮದುವೆ.

ಸ್ಟಾರ್ ಟ್ರೆಕ್ ಬಂದದ್ದು ಇವರಿಂದಲೇ ಅಂತಾರೆ. ಉತ್ಪ್ರೇಕ್ಷೆ ಅಲ್ವಾ?

ಈ ಬಾಹ್ಯಾಕಾಶ ಧಾರಾವಾಹಿಯ ಕಥೆ ಕಟ್ಟಿದವರು ಜೀನ್ ರಾಡನ್‌ಬೆರಿ, ಆಕೆಯಲ್ಲ. ಆದರೆ ಹಣ ಹಾಕಿದ್ದು ದೇಸಿಲು. ಮೊದಲ ಪ್ರಾಯೋಗಿಕ ಕಂತನ್ನು ಎನ್‌ಬಿಸಿ ವಾಹಿನಿ ತಿರಸ್ಕರಿಸಿ ಇನ್ನೊಂದು ಕೇಳಿತು. ಖರ್ಚು ನೋಡಿ ಆಡಳಿತ ಮಂಡಳಿಯವರು ಬೇಡವೆಂದರೂ ಅಧ್ಯಕ್ಷೆ ಮುಂದುವರಿಸಿ ಅಂದರು. 1966ರ ಸೆಪ್ಟೆಂಬರ್ 8ರಂದು ಪ್ರಸಾರ ಶುರುವಾಯಿತು. ಅದೇ ತಿಂಗಳು ದೇಸಿಲುವಿನದೇ 'ಮಿಷನ್: ಇಂಪಾಸಿಬಲ್' ಕೂಡ ಬಂತು. 1967ರಲ್ಲಿ ಕಂಪನಿಯನ್ನು ಗಲ್ಫ್ ಅಂಡ್ ವೆಸ್ಟರ್ನ್‌ಗೆ 1 ಕೋಟಿ 70 ಲಕ್ಷ ಡಾಲರಿಗೆ ಮಾರಿದರು. ಮುಂದೆ ಅದೇ ಪ್ಯಾರಮೌಂಟ್ ಟೆಲಿವಿಷನ್ ಆಯಿತು.

1986ರ ಧಾರಾವಾಹಿ ಯಾಕೆ ನೆಲಕಚ್ಚಿತು?

'ಲೈಫ್ ವಿತ್ ಲೂಸಿ'ಗೆ 13 ಕಂತು ತೆಗೆದರು, 8 ಮಾತ್ರ ಪ್ರಸಾರವಾದವು. ಆಕೆಗೆ 75, ಜೊತೆಗಾರ ಗೇಲ್ ಗಾರ್ಡನ್‌ಗೆ 80. ಬಿದ್ದೇಳುವ ಹಾಸ್ಯವನ್ನೇ ಮತ್ತೆ ಬರೆದರು. ಅಜ್ಜಿ ಏಣಿ ಹತ್ತಿದರೆ ನೋಡುವವರಿಗೆ ನಗುವಿಗಿಂತ ಭಯ ಮೊದಲು ಬರುತ್ತದೆ. ರದ್ದಾದ ಕೆಲವೇ ವಾರಕ್ಕೆ, ಡಿಸೆಂಬರ್ 2ರಂದು, ದೇಸಿ ತೀರಿಕೊಂಡರು. ಐದು ದಿನದ ಮೇಲೆ ಆಕೆಗೆ ಕೆನಡಿ ಸೆಂಟರ್ ಗೌರವ.

ಎಷ್ಟು ಎಮ್ಮಿ ಬಂದಿವೆ?

ಎಮ್ಮಿ ಎಂದರೆ ಅಮೆರಿಕದ ಟಿವಿ ಪ್ರಶಸ್ತಿ. ಸ್ಪರ್ಧೆಯಲ್ಲಿ ಗೆದ್ದದ್ದು ನಾಲ್ಕು: ಎರಡು ಐ ಲವ್ ಲೂಸಿಗೆ, ಎರಡು ದಿ ಲೂಸಿ ಶೋಗೆ. ಅಮೆರಿಕ ಅಧ್ಯಕ್ಷರ ಸ್ವಾತಂತ್ರ್ಯ ಪದಕ 1989ರಲ್ಲಿ ಮರಣೋತ್ತರವಾಗಿ ಬಂತು.

2021ರ ಸಿನಿಮಾದಲ್ಲಿ ತೋರಿಸಿದ್ದೆಲ್ಲ ಒಂದೇ ವಾರದಲ್ಲಿ ಆಯ್ತಾ?

ಇಲ್ಲ. 'ಬೀಯಿಂಗ್ ದ ರಿಕಾರ್ಡೋಸ್' ಮೂರು ಬೇರೆ ಬೇರೆ ಕಾಲದ ಘಟನೆಗಳನ್ನು ಒಂದು ವಾರಕ್ಕೆ ತುರುಕಿದೆ. ಬಸುರಿನ ಸುದ್ದಿ 1952, ಕಮ್ಯುನಿಸ್ಟ್ ಗದ್ದಲ 1953ರ ಸೆಪ್ಟೆಂಬರ್, ದೇಸಿಯ ಹೊರಸಂಬಂಧದ ಬಗ್ಗೆ ಪತ್ರಿಕೆಯ ವರದಿ 1955. ಇತಿಹಾಸಕ್ಕೆ ನೆಚ್ಚಿಕೊಳ್ಳಬೇಡಿ.

ಮಗಳ ಮನೆಗೆ ಅಮೆರಿಕಕ್ಕೆ ಹೋಗ್ತಿದೀವಿ. ಇವರ ಊರು ನೋಡಬಹುದಾ?

ನಯಾಗರ ಹೇಗೂ ಪಟ್ಟಿಯಲ್ಲಿ ಇರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಜೇಮ್ಸ್‌ಟೌನ್. ಲೂಸಿ–ದೇಸಿ ವಸ್ತುಸಂಗ್ರಹಾಲಯದಲ್ಲಿ ಉಡುಪು, ಸಾಮಾನು, ಸೆಟ್ಟುಗಳ ಮರುರಚನೆ ಇವೆ. ಹತ್ತಿರದಲ್ಲೇ 2018ರಲ್ಲಿ ತೆರೆದ ರಾಷ್ಟ್ರೀಯ ಹಾಸ್ಯ ಕೇಂದ್ರ. ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಆ ಕಡೆ ಹಿಮ ಜೋರು. ಲೇಕ್ ವ್ಯೂ ಸ್ಮಶಾನದಲ್ಲಿ ತಂದೆತಾಯಿಯ ಪಕ್ಕ ಆಕೆಯ ಚಿತಾಭಸ್ಮವಿದೆ, ಮಕ್ಕಳು 2002ರಲ್ಲಿ ಲಾಸ್ ಏಂಜಲೀಸ್‌ನಿಂದ ತಂದಿಟ್ಟದ್ದು. ಸೆಲರಾನ್ ಉದ್ಯಾನದಲ್ಲಿ ಎರಡು ಕಂಚಿನ ಪ್ರತಿಮೆಗಳಿವೆ. 2009ರದು ಟಾನಿಕ್ ಬಾಟಲಿ ಹಿಡಿದು ಹಲ್ಲು ಕಿರಿಯುತ್ತದೆ. 'ಭಯಂಕರ ಲೂಸಿ' ಎಂದು ಜನ ಬೈದದ್ದಕ್ಕೆ 2016ರ ಆಗಸ್ಟ್ 6ರಂದು ಚಂದದ್ದೊಂದನ್ನು ನಿಲ್ಲಿಸಿದರು. ಹಳೆಯದನ್ನು ತೆಗೆಯಲಿಲ್ಲ, ಸ್ವಲ್ಪ ಆಚೆ ಸರಿಸಿದ್ದಾರೆ ಅಷ್ಟೇ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರೂ ಇದ್ದಾರೆ.